ಭಾವ ಮಲಗಿ ನೋಡಿದ ಹಾಸಿಗೆಗಳು

ನಮ್ಮ ಭಾವ ಹಾಸಿಗೆ ಹೊಲಿಯುವವರು. ಲೋಕದಲ್ಲಿ ಯಾರು ಏನು ಹೇಳಿದರೂ ನಂಬಿಬಿಡುವ ಸ್ವಭಾವ. ಬೀದಿಯಲ್ಲಿ ಕೂದಲೆಣ್ಣೆ ಮಾರುವವನ ಮಾತು ನಂಬಿ ತಿಂಗಳುಗಟ್ಟಲೆ ಬೋಳುತಲೆಗೆ ಎಣ್ಣೆ ತಿಕ್ಕಿಕೊಂಡವರು. ಆದರೆ ಹಾಸಿಗೆಯ ವಿಷಯದಲ್ಲಿ ಮಾತ್ರ ಸ್ವಂತ ಅಪ್ಪನನ್ನೂ ನಂಬುತ್ತಿರಲಿಲ್ಲ. ಅದಕ್ಕೆ ಅವರದೇ ಒಂದು ಪರೀಕ್ಷೆಯಿತ್ತು. ಹೆಗಲ ಮೇಲಿನ ಬಿಳಿ ದುಪ್ಪಟಿಯನ್ನು ಹಾಸಿಗೆಯ ಮೇಲೆ ಹರಡಬೇಕು. ಅಂಗಾತ ಮಲಗಬೇಕು. ಎರಡೂ ಕೈ ಎದೆಯ ಮೇಲೆ ಜೋಡಿಸಬೇಕು. ಕಣ್ಣು ಮುಚ್ಚಿ, ಉಸಿರನ್ನು ಇದೆಯೋ ಇಲ್ಲವೋ ಎನ್ನುವಷ್ಟು ಸಣ್ಣಗೆ ಬಿಡಬೇಕು. ಆಮೇಲೆ ಬೆನ್ನು ತಾನಾಗಿ ಹೇಳುತ್ತದಂತೆ, ಎಲ್ಲಿ ಹತ್ತಿ ಗಂಟು ಕಟ್ಟಿದೆ, ಎಲ್ಲಿ ಹೊಲಿಗೆ ಸಡಿಲವಾಗಿದೆ, ಎಲ್ಲಿ ಹಳೆಯ ಹತ್ತಿ ಬೆರೆಸಿ ಮೋಸ ಮಾಡಿದ್ದಾರೆ ಎಂದು. ಬೆನ್ನು ಹೇಳಿ ಮುಗಿಸುವುದರೊಳಗೆ ಭಾವನಿಗೆ ನಿದ್ದೆ ಹತ್ತುತ್ತಿತ್ತು. ಅದೂ ಪರೀಕ್ಷೆಯ ಭಾಗವೇ ಎಂದು ಅವರು ವಾದಿಸುತ್ತಿದ್ದರು.

ನಾನು ಅವರ ಹೆಂಡತಿಯ ತಮ್ಮ. ಅವರ ಅಂಗಡಿಯಲ್ಲೇ ಹತ್ತಿ ಹಿಂಜಿಕೊಂಡು ಬೆಳೆದವನು. ಹತ್ತಿ ಹಿಂಜುವಾಗ ಬಾಯಿ ತೆರೆದರೆ ಎಳೆ ಒಳಗೆ ಹೋಗುತ್ತದೆ. ಹೀಗೆ ಬಾಯಿ ಮುಚ್ಚಿಕೊಂಡಿರುವುದು ಅಭ್ಯಾಸವಾಗಿ, ಅದೇ ನನ್ನ ಹೆಸರೂ ಆಯಿತು. ಭಾವ ನನ್ನನ್ನು ಕರೆಯುತ್ತಿದ್ದುದೇ ಮೌನಿ ಎಂದು.

ಅಕ್ಕನದು ಅಂಚು ಹೊಲಿಯುವ ಕೆಲಸ. ಜೀವಮಾನವೆಲ್ಲ ನೆಲದ ಮೇಲೆ ಬಾಗಿ ಕೂತು, ಉದ್ದನೆಯ ಸೂಜಿಯಲ್ಲಿ ಊರವರ ನಿದ್ದೆಗೆಲ್ಲ ಅಂಚು ಕಟ್ಟಿದವಳು. ಅವಳ ಒಂದೇ ಒಂದು ಚಟವೆಂದರೆ ರೇಡಿಯೊ. ವಾರಕ್ಕೊಂದು ಸಂಜೆ ಪಿಟೀಲು ಬಾರಿಸುವ ಒಬ್ಬ ಹೆಂಗಸಿನ ರೆಕಾರ್ಡು ಹಾಕುತ್ತಿದ್ದರು. ನಮ್ಮ ಮನೆಯಲ್ಲಿ ಆಕೆಗೆ ಪಿಟೀಲಮ್ಮ ಎಂದು ಹೆಸರು. ಅದರಲ್ಲಿ ಒಂದು ದೊಡ್ಡ ರಾಗ ಅಕ್ಕನಿಗೆ ಪ್ರಾಣ. ಅದು ಶುರುವಾದರೆ ಸೂಜಿ ನಿಲ್ಲಿಸುತ್ತಿದ್ದಳು. ರಾಗ ಮೆಲ್ಲಗೆ ಎದ್ದು, ಸುತ್ತಾಡಿ, ಮೇಲೆ ಹತ್ತಿ, ಇನ್ನೇನು ಇಳಿದು ಮನೆ ಸೇರಬೇಕು, ಅಷ್ಟರಲ್ಲಿ ಟಕ್ ಎಂದು ನಿಲ್ಲುತ್ತಿತ್ತು. "ವಾರ್ತೆಗಳು" ಎಂದು ಒಬ್ಬ ಗಂಡಸು ಗಂಟಲು ಸರಿ ಮಾಡಿಕೊಳ್ಳುತ್ತಿದ್ದ. ರಾಗ ದೊಡ್ಡದು, ಹೊತ್ತು ಚಿಕ್ಕದು. ಎಷ್ಟು ವರ್ಷ ಕೇಳಿದರೂ ಅದೇ ಜಾಗದಲ್ಲಿ ಅದೇ ಗಂಡಸು.

"ಅದು ಹೇಗೆ ಮುಗಿಯುತ್ತೋ ಏನೋ," ಎನ್ನುತ್ತಿದ್ದಳು ಅಕ್ಕ.

"ಮುಗಿಯುತ್ತೆ ಬಿಡೇ, ಎಲ್ಲಾ ಮುಗಿಯೋ ಹಾಗೇ ಮುಗಿಯುತ್ತೆ," ಎನ್ನುತ್ತಿದ್ದರು ಭಾವ. ಹಾಗೆಂದವರೇ ವಾರ್ತೆ ಓದುವವನನ್ನು ಎದುರಿಗೇ ಇರುವವನಂತೆ ಬೈಯುತ್ತಿದ್ದರು.

ಹೀಗಿರುವಾಗ, ಎದುರುಮನೆಯ ಕಂಡಕ್ಟರು ಒಂದು ದಿನ ನಗರದಿಂದ ಮೂರು ಟಿಕೆಟ್ಟು ಹಿಡಿದುಕೊಂಡು ಬಂದರು. ಕೆಲಸದಿಂದ ನಿವೃತ್ತರಾಗಿದ್ದರೂ ಅವರಿಗೆ ಯಾರಿಗಾದರೂ ಟಿಕೆಟ್ಟು ಕೊಟ್ಟರೇ ಕೈ ನೆಟ್ಟಗಿರುತ್ತಿದ್ದದ್ದು.

"ಅಕ್ಕಾ, ನಿಮ್ಮ ಪಿಟೀಲಮ್ಮ ನಗರದ ದೊಡ್ಡ ಹಾಲಿನಲ್ಲಿ ಬಾರಿಸ್ತಾರಂತೆ. ಇದೇ ಕೊನೇ ಕಛೇರಿಯಂತೆ. ಆಮೇಲೆ ಕೈ ಆಗಲ್ಲ ಅಂತ ಬಿಡ್ತಾರಂತೆ. ಆ ರಾಗಾನೂ ಇದೆ, ಪೂರ್ತಿ ಅಂತ ಬರೆದು ಹಾಕಿದಾರೆ."

ಅಕ್ಕ ಟಿಕೆಟ್ಟನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದಳು. ಆಮೇಲೆ ಸೊಂಟ ಹಿಡಿದುಕೊಂಡು ಮೆಲ್ಲಗೆ ಹೇಳಿದಳು: "ಬಸ್ಸಲ್ಲೂ ಕೂತು, ಅಲ್ಲೂ ಕೂತು, ನನ್ನ ಕೈಲಾಗುತ್ತಾ?"

ಸುಳ್ಳಲ್ಲ. ಅಷ್ಟು ವರ್ಷ ಬಾಗಿದ್ದ ಬೆನ್ನು ಹಟ ಹಿಡಿದಿತ್ತು. ಸ್ವಲ್ಪ ಹೊತ್ತು ಕೂತರೆ ಮಲಗಲೇಬೇಕು. ಡಾಕ್ಟರು ಹೇಳಿದ್ದು ಒಂದೇ ಮಾತು: ಒಳ್ಳೆಯ ಹಾಸಿಗೆಯ ಮೇಲೆ ಮಧ್ಯಾಹ್ನವೆಲ್ಲ ಒರಗಿದರೆ ಸಂಜೆ ಕೂರಬಹುದು, ಇಲ್ಲದಿದ್ದರೆ ಇಲ್ಲ.

"ಅಷ್ಟೇ ತಾನೆ! ಹಾಸಿಗೆ ನನಗೆ ಬಿಡು," ಎಂದರು ಭಾವ. ಆ ಕ್ಷಣದಿಂದ ನಮ್ಮ ಬೀದಿಯ ನೆಮ್ಮದಿ ಹಾಳಾಯಿತು.

ನಗರದಲ್ಲಿ ಎಲ್ಲಿ ಇಳಿದುಕೊಳ್ಳಬೇಕು ಎಂಬುದರ ಬಗ್ಗೆ ಅಭಿಪ್ರಾಯವಿಲ್ಲದವರು ನಮ್ಮ ಬೀದಿಯಲ್ಲಿ ಯಾರೂ ಇರಲಿಲ್ಲ. ಅವರಲ್ಲಿ ಅರ್ಧಕ್ಕರ್ಧ ಜನ ನಗರವನ್ನೇ ನೋಡಿರಲಿಲ್ಲ. ಕಂಡಕ್ಟರು ಬಸ್ ನಿಲ್ದಾಣದ ಪಕ್ಕದ ಲಾಡ್ಜೇ ಸರಿ ಎಂದರು, ಬೆಳಗ್ಗೆ ಏಳಿಸುವವರೇ ಬೇಡ, ಬಸ್ಸಿನ ಹಾರನ್ನೇ ಏಳಿಸುತ್ತದೆ ಎಂದು. ಮೂಲೆಮನೆಯ ದರ್ಜಿ ಹಾಲಿನ ಎದುರಿಗೇ ಹಿಡಿಯಿರಿ ಎಂದ. ದರ್ಜಿಯ ಹೆಂಡತಿ, "ಎದುರಿಗೇ ಬೇಡ, ಹಿಂದಿನ ಬೀದಿಯಲ್ಲಿ ಹಿಡೀರಿ, ಕಿಟಕಿ ತೆಗೆದರೆ ಪಿಟೀಲು ಅಲ್ಲೇ ಕೇಳುತ್ತೆ, ಟಿಕೆಟ್ಟು ನಮಗೆ ಕೊಡಿ," ಎಂದಳು. ಫೋನು ಮಾಡಿ ಮುಂಚೆಯೇ ರೂಮು ಹೇಳಿಡುವುದು ವಾಸಿ ಎಂಬಲ್ಲಿ ಮಾತ್ರ ಎಲ್ಲರೂ ಒಂದಾದರು.

ಭಾವ ಎದ್ದು ನಿಂತರು. "ಏನ್ರೀ, ಹೆಣ್ಣು ನೋಡದೆ ಮದುವೆ ಆಗಬಹುದು, ಹಾಸಿಗೆ ನೋಡದೆ ರೂಮು ಹಿಡಿಯೋದಾ? ವಯಸ್ಸಿನಲ್ಲಿ ಆ ಊರಿನ ಲಾಡ್ಜುಗಳಿಗೆಲ್ಲ ಹಾಸಿಗೆ ತುಂಬಿದವನು ನಾನು. ಅಲ್ಲಿ ಒಂದೊಂದು ಹಾಸಿಗೇನೂ ನನ್ನ ಗುರುತು ಹಿಡಿಯುತ್ತೆ."

ನಿಜ ಹೇಳಬೇಕೆಂದರೆ, ಅವರು ತುಂಬಿದ್ದು ಒಂದೇ ಲಾಡ್ಜಿನ ದಿಂಬುಗಳನ್ನು. ಆ ಲಾಡ್ಜನ್ನು ಕೆಡವಿ ಎಷ್ಟೋ ಕಾಲವಾಗಿತ್ತು. ನನ್ನನ್ನು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಕಛೇರಿಯ ದಿನ ಬೆಳಗಿನ ಬಸ್ಸಿಗೆ ಹೊರಟೆವು. ದಾರಿಯುದ್ದಕ್ಕೂ ಭಾವ ಅಕ್ಕನ ಬೆನ್ನಿನ ಹಿಂದೆ ತಮ್ಮ ತೋಳನ್ನೇ ದಿಂಬು ಮಾಡಿ ಇಟ್ಟುಕೊಂಡು ಕಣ್ಣು ಮುಚ್ಚದೆ ಕೂತಿದ್ದರು. ಗುಂಡಿ ಬಂದಾಗೆಲ್ಲ ಡ್ರೈವರನಿಗೆ ಕೂಗಿ ಹೇಳುತ್ತಿದ್ದರು, "ಮೆಲ್ಲಗೆ ಕಣಪ್ಪಾ, ಒಳಗೆ ಮನುಷ್ಯರಿದ್ದೀವಿ!" ನಗರ ಮುಟ್ಟಿದಾಗ ಅಕ್ಕನ ಮುಖ ಬಿಳಿಚಿಕೊಂಡಿತ್ತು, ಭಾವನ ಕಣ್ಣು ಕೆಂಪಾಗಿತ್ತು. ಹಾಲಿನ ಹಿಂದಿನ ಬೀದಿಯಲ್ಲಿ ಸಾಲಾಗಿ ಲಾಡ್ಜುಗಳು.

ಮೊದಲನೆಯ ಲಾಡ್ಜಿನ ಗುಮಾಸ್ತ ಒಳ್ಳೆಯವನು. "ರೂಮು ನೋಡಿ ಬನ್ನಿ ಯಜಮಾನ್ರೇ," ಎಂದು ಕೀಲಿ ಕೊಟ್ಟ. ಭಾವ ಮಹಡಿ ಹತ್ತಿದರು. ದುಪ್ಪಟಿ ಹರಡಿದರು. ಮಲಗಿದರು. ಕೈ ಎದೆಯ ಮೇಲೆ ಬಂತು. ಕಣ್ಣು ಮುಚ್ಚಿತು. ರಾತ್ರಿಯೆಲ್ಲ ಸಡಗರದಲ್ಲಿ, ಬೆಳಗ್ಗೆಯೆಲ್ಲ ಬಸ್ಸಿನಲ್ಲಿ ನಿದ್ದೆಗೆಟ್ಟಿದ್ದ ಮನುಷ್ಯ. ಬೆನ್ನು ಒಂದಕ್ಷರ ಹೇಳುವ ಮೊದಲೇ ಆಸಾಮಿ ಅತ್ತ ಕಡೆ.

ಅಕ್ಕ ಮಂಚದ ಪಕ್ಕ ಕುರ್ಚಿಯಲ್ಲಿ ಸೊಂಟ ಹಿಡಿದುಕೊಂಡು ಕೂತಳು. ನೋವಿಗೆ ಅವಳ ಕಣ್ಣಲ್ಲಿ ನೀರು ನಿಂತಿತ್ತು. ನಾನು ಕಾಲಿನ ಕಡೆ ಕೈಕಟ್ಟಿ, ತಲೆತಗ್ಗಿಸಿ ನಿಂತಿದ್ದೆ.

ನೆಲ ಒರೆಸುವ ಹೆಂಗಸು ಬಕೆಟ್ಟು ಹಿಡಿದು ಬಾಗಿಲಿಗೆ ಬಂದಳು. ಬಿಳಿ ಬಟ್ಟೆಯ ಮೇಲೆ ಅಂಗಾತ ಮಲಗಿದ ಮುದುಕ, ಪಕ್ಕದಲ್ಲಿ ಕಣ್ಣೀರಿನ ಹೆಂಡತಿ, ಕಾಲ ಬಳಿ ತಲೆತಗ್ಗಿಸಿದ ನೆಂಟ. ಬಕೆಟ್ಟು ಕೈಯಿಂದ ಜಾರಿತು. "ಅಯ್ಯಯ್ಯೋ, ಬಂದ ಕೂಡಲೇ ಹೋಗಿಬಿಟ್ರಲ್ಲಪ್ಪೋ!" ಎಂಬ ಕೂಗು ಕೆಳಗಿನ ಬೀದಿಗೂ ಕೇಳಿಸಿತು.

ಗುಮಾಸ್ತ ಓಡಿ ಬಂದ. ತಲೆಯ ಮೇಲೆ ಕೈಯಿಟ್ಟುಕೊಂಡು ನನ್ನನ್ನು ಕೇಳಿದ: "ಯಾವಾಗ ಹೋದ್ರು?"

ಯಾರು ಎಲ್ಲಿಗೆ ಹೋದರು ಎಂದು ನಾನು ಯೋಚಿಸುತ್ತಿರುವಾಗಲೇ, ಭಾವ ಸಟ್ಟನೆ ಎದ್ದು ಕೂತು, ಕಣ್ಣು ತೆರೆಯದೆ ತೀರ್ಪು ಕೊಟ್ಟರು: "ಹತ್ತಿಯೆಲ್ಲ ಹಳೇದು. ಇದರ ಮೇಲೆ ಯಾರೂ ಮಲಗೋ ಹಾಗಿಲ್ಲ."

ಗುಮಾಸ್ತ ಹಿಂದಕ್ಕೆ ಹಾರಿ ಬಕೆಟ್ಟಿನೊಳಗೆ ಕಾಲಿಟ್ಟ. ಕೆಳಗಿಳಿದ ಮೇಲೆ ಅವನು ಅಕ್ಕನನ್ನು ಕೇಳಿದ: "ಅಮ್ಮಾ, ಇವರಿಗೆ ಹೀಗೆ ಆಗಾಗ ಬರುತ್ತಾ?"

"ಯಾವ ಮನೆಗೆ ಹೋದ್ರೂ ಹೀಗೇ ಕಣಪ್ಪ," ಎಂದಳು ಅಕ್ಕ, ನಿಟ್ಟುಸಿರು ಬಿಟ್ಟು.

ನಾವು ಬಾಗಿಲು ದಾಟುವುದರೊಳಗೆ ಅವನ ಕೈಯಲ್ಲಿ ಫೋನಿತ್ತು.

ಎರಡನೆಯ ಲಾಡ್ಜಿನ ಮ್ಯಾನೇಜರು ನಮ್ಮನ್ನು ನೋಡಿದವನೇ ಎದ್ದು ನಿಂತು ಭಾವನಿಗೆ ಕುರ್ಚಿ ಎಳೆದುಕೊಟ್ಟ. ಮರ್ಯಾದೆ ಎಂದುಕೊಂಡು ಭಾವ ಎದೆಯುಬ್ಬಿಸಿ ನನ್ನ ಕಡೆ ನೋಡಿದರು. "ನೋಡಿದೆಯೇನೋ ಮೌನಿ, ಗುರುತು ಹಿಡಿದರು!"

ಮ್ಯಾನೇಜರು ಅಕ್ಕನನ್ನು ಪಕ್ಕಕ್ಕೆ ಕರೆದು ಪಿಸುಗುಟ್ಟಿದ: "ಇಂಥ ಸ್ಥಿತೀಲಿ ಯಾಕೆ ತಾಯಿ ಕರಕೊಂಡು ಬಂದ್ರಿ?"

ಅಕ್ಕ ತನ್ನ ಸೊಂಟದ ವಿಷಯವೇ ಇರಬೇಕೆಂದುಕೊಂಡಳು. "ಏನು ಮಾಡೋದಪ್ಪ, ಕೊನೆಗೊಂದು ಸಲ ಪಿಟೀಲು ಪೂರ್ತಿ ಕೇಳಿಬಿಡಬೇಕು ಅಂತ ಆಸೆ. ಮನೆಗೆ ಹೋದ ಮೇಲೆ ಏನಾದ್ರೂ ಆಗಲಿ."

ಮ್ಯಾನೇಜರು ಕರವಸ್ತ್ರ ತೆಗೆದು ಕಣ್ಣೊರೆಸಿಕೊಂಡ. ಒರೆಸಿಕೊಂಡವನೇ ಖಂಡಿತವಾಗಿ ಹೇಳಿದ: "ನನ್ನ ಮನಸ್ಸು ಕೊಡು ಅನ್ನುತ್ತೆ ತಾಯಿ. ಆದ್ರೆ ಧಣಿ ಸುಮ್ಮನಿರಲ್ಲ. ಹೋದ ವರ್ಷ ಮೇಲಿನ ರೂಮಲ್ಲಿ ಒಬ್ಬರು ಹೋಗಿಬಿಟ್ರು. ಪೊಲೀಸು, ಪೇಪರು, ಆಮೇಲೆ ಆರು ತಿಂಗಳು ಆ ರೂಮಿಗೆ ಜನ ಇಲ್ಲ."

ಅಷ್ಟರಲ್ಲಿ ಭಾವನಿಗೆ ಪಕ್ಕದಲ್ಲಿದ್ದ ಉದ್ದನೆಯ ಸೋಫಾ ಕಣ್ಣಿಗೆ ಬಿದ್ದಿತ್ತು. ಹಾಸಿಗೆ ತೋರಿಸದಿದ್ದರೆ ಬೇಡ, ಇದರ ಮೇಲಾದರೂ ಮನೆಯ ಗುಣ ತಿಳಿಯಲಿ ಎಂದು ದುಪ್ಪಟಿ ಹರಡಿದ್ದರು. ಮ್ಯಾನೇಜರು ತಿರುಗಿ ನೋಡಿದಾಗ ಕೈ ಎದೆಯ ಮೇಲಿತ್ತು.

"ಇಲ್ಲಿ ಬೇಡ! ದಮ್ಮಯ್ಯ, ಇಲ್ಲಿ ಮಾತ್ರ ಬೇಡ!" ಎಂದು ಅವನು ಭಾವನ ಕಾಲು ಹಿಡಿದು ಎಳೆದ. ಅಡುಗೆಯವನು ಬಂದು ತಲೆ ಹಿಡಿದ. ಇಬ್ಬರೂ ಸೇರಿ ಭಾವನನ್ನು ನಿದ್ದೆಯಲ್ಲೇ ಹೊಸಿಲು ದಾಟಿಸಿದರು. ಎಚ್ಚರವಾದಾಗ ಭಾವ ಬೀದಿಯಲ್ಲಿ ನಿಂತಿದ್ದರು. "ಸೋಫಾ ಪರವಾಗಿಲ್ಲ," ಎಂದರು.

ಆಮೇಲೆ ನಮಗಿಂತ ಮುಂದೆ ಸುದ್ದಿ ನಡೆಯಿತು. ಮೂರನೆಯ ಲಾಡ್ಜಿನಲ್ಲಿ ನಾವು ಮೆಟ್ಟಿಲು ಹತ್ತುತ್ತಿದ್ದಂತೆ 'ರೂಮು ಖಾಲಿ ಇಲ್ಲ' ಎಂಬ ಹಲಗೆ ನೇತಾಡಿತು. ಅದರ ಹಿಂದೆ ಕೀಲಿಗಳೆಲ್ಲ ಮೊಳೆಗಳಲ್ಲಿ ಗಿಲಿಗಿಲಿ ಎನ್ನುತ್ತಿದ್ದವು. ನಾಲ್ಕನೆಯದರಲ್ಲಿ ಬಾಗಿಲೇ ಮುಚ್ಚಿತು. ಹಣ್ಣಿನ ರಸದವನು ತಾನಾಗಿ ಬಂದು ಭಾವನ ಕೈಗೆ ಲೋಟ ಕೊಟ್ಟ. ದುಡ್ಡು ಕೊಡಹೋದರೆ "ನಿಮ್ಮ ಹತ್ತಿರ ತಗೊಂಡು ನಾನೆಲ್ಲಿಗೆ ಹೊತ್ತುಕೊಂಡು ಹೋಗಲಿ?" ಎಂದ. ಕ್ಷೌರದಂಗಡಿಯವನು ಮಾತ್ರ ವ್ಯವಹಾರಸ್ಥ. ಭಾವನ ತಲೆಯನ್ನು ಒಮ್ಮೆ ನೋಡಿ, ಗಡ್ಡವಾದರೂ ಮಾಡಿಸಿಕೊಂಡು ಹೋಗಿ, ನೋಡುವವರಿಗೆ ಚೆನ್ನಾಗಿರುತ್ತದೆ ಎಂದ.

ಭಾವನಿಗೆ ಆಗ ಅರ್ಥವಾಯಿತು. ಕೋಪ ನೆತ್ತಿಗೇರಿತು. "ಯಾರಯ್ಯಾ ಸಾಯೋನು? ನಾನಾ? ನೋಡ್ರಯ್ಯಾ!" ಎಂದು ನಡುಬೀದಿಯಲ್ಲಿ ನಿಂತು ಒಂದು, ಎರಡು, ಮೂರು ಬಸ್ಕಿ ಹೊಡೆದರು. ಮೂರನೆಯದರಲ್ಲಿ ಕೂತವರಿಗೆ ಏಳಲಾಗಲಿಲ್ಲ. ಮುಖ ಕೆಂಪಾಯಿತು, ಕೆಮ್ಮು ಬಂತು. ಸೇರಿದ್ದ ಜನ "ಅಯ್ಯೋ" ಎಂದರು, ಟೋಪಿ ಇದ್ದವರು ಟೋಪಿ ತೆಗೆದರು.

ಈ ಗಲಾಟೆಯಲ್ಲಿ ಅಕ್ಕನನ್ನು ಯಾರೂ ನೋಡಿರಲಿಲ್ಲ. ಅವಳು ಮುಚ್ಚಿದ್ದ ಒಂದು ಅಂಗಡಿಯ ಮೆಟ್ಟಿಲ ಮೇಲೆ ಕೂತುಬಿಟ್ಟಿದ್ದಳು. ಮಧ್ಯಾಹ್ನ ಕಳೆದಿತ್ತು. ಒರಗಬೇಕಾಗಿದ್ದ ಹೊತ್ತೆಲ್ಲ ಬೀದಿ ಸುತ್ತುವುದರಲ್ಲೇ ಹೋಗಿತ್ತು. ಭಾವ ಹೇಗೋ ಎದ್ದು ಓಡಿಹೋಗಿ ಅವಳ ಮುಂದೆ ಕುಕ್ಕರಗಾಲಿನಲ್ಲಿ ಕೂತರು.

"ನನ್ನ ಕೈಲಾಗಲ್ಲ ರೀ," ಎಂದಳು ಅಕ್ಕ. "ಬೆನ್ನು ಕತ್ತರಿಸೋ ಹಾಗಿದೆ. ಹಾಲಿಗೆ ಹೋದ್ರೂ ಅರ್ಧಕ್ಕೇ ಎದ್ದು ಬರಬೇಕು. ಅಷ್ಟು ದೂರ ಬಂದು ಮತ್ತೆ ಅರ್ಧವೇ ಕೇಳಬೇಕಾ? ಬಸ್ಸು ಹತ್ತೋಣ. ಮನೇಲಿ ಆ ವಾರ್ತೆಯವನಾದ್ರೂ ಇದಾನೆ."

ಭಾವ ನನ್ನ ಕಡೆ ನೋಡಿದರು. ನನ್ನ ಬಾಯಲ್ಲಂತೂ ಮಾತು ಯಾವತ್ತೂ ಇರಲಿಲ್ಲ. "ಮೊದಲನೇ ಹಾಸಿಗೇನೇ ಆಗ್ತಿತ್ತು ಕಣೇ," ಎಂದರು ಕೊನೆಗೆ, ಬಹಳ ಸಣ್ಣ ದನಿಯಲ್ಲಿ. "ಹಳೇ ಹತ್ತಿಯಾದ್ರೇನು."

ಆಗ ಗುಂಪನ್ನು ಸರಿಸಿಕೊಂಡು ಒಬ್ಬ ಪೊಲೀಸಿನವನು ಬಂದ. ದಪ್ಪ ಮೀಸೆ, ಮೆತ್ತನೆಯ ಮನಸ್ಸು. "ಯಾರು ಇಲ್ಲಿ ಪಿಟೀಲು ಕೇಳಿ ಹೋಗ್ತೀನಿ ಅಂತಿರೋ ಅಜ್ಜ?" ಭಾವ ಬಾಯಿ ತೆರೆಯುವುದರೊಳಗೆ ಅವರ ತೋಳಿಗೆ ತೋಳು ಕೊಟ್ಟಿದ್ದ. "ಮಾತಾಡಬೇಡಿ, ಉಸಿರು ಉಳಿಸಿಕೊಳ್ಳಿ. ನಾನು ಹಾಲಿನವರಿಗೆ ಹೇಳಿದೀನಿ. ಲಾಡ್ಜಿನವರು ಜಾಗ ಕೊಡದಿದ್ರೆ ಏನಾಯ್ತು, ನಾವಿಲ್ವಾ?"

ಹಾಲಿನ ಹಿಂಬಾಗಿಲಿನಿಂದ ನಮ್ಮನ್ನು ಒಳಗೆ ಬಿಟ್ಟರು. ವೇದಿಕೆಯ ಪಕ್ಕ, ಪರದೆಯ ಮರೆಯಲ್ಲಿ ಒಂದು ಮಂಚ, ಅದರ ಮೇಲೊಂದು ಹಾಸಿಗೆ. ಅಲ್ಲಿಂದ ವೇದಿಕೆಗೆ ಕೈ ಚಾಚಿದರೆ ಸಿಗುವಷ್ಟೇ ದೂರ. ಹಾಲಿನ ಮ್ಯಾನೇಜರು, ಕೋಟು ತೊಟ್ಟ ಗಂಭೀರ ಮನುಷ್ಯ, ಕೈ ಮುಗಿದು ಹೇಳಿದರು: "ಬನ್ನಿ ಯಜಮಾನ್ರೇ. ಆರಾಮಾಗಿ ಮಲಗಿ ಕೇಳಿ. ಯಾರೂ ನಿಮ್ಮನ್ನ ಎಬ್ಬಿಸಲ್ಲ."

ಬೆಳಗ್ಗಿನಿಂದ ಭಾವ ಹುಡುಕುತ್ತಿದ್ದದ್ದು ಇಂಥ ಜಾಗವನ್ನೇ. ಅವರು ಮಂಚದ ಹತ್ತಿರ ಹೋದರು. ದುಪ್ಪಟಿ ತೆಗೆದು ಹರಡಿದರು. ನಾಲ್ಕು ಮೂಲೆ ಎಳೆದು ಸುಕ್ಕು ತೆಗೆದರು. ಪೊಲೀಸಿನವನು ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡ. ಭಾವ ಮಲಗಲಿಲ್ಲ. ಎರಡು ಬೆರಳಿನಲ್ಲಿ ಒಂದು ಸಲ ಒತ್ತಿ ನೋಡಿದರು, ಗಿರಾಕಿಗಳು ನೋಡುವ ಹಾಗೆ. ಆಮೇಲೆ ತಿರುಗಿ ಅಕ್ಕನ ಕೈ ಹಿಡಿದರು.

"ಮಲಗು," ಎಂದರು.

ಮ್ಯಾನೇಜರು ಗಾಬರಿಯಾದರು. "ಇದು ಪೇಷೆಂಟಿಗೆ ಅಲ್ವಾ?"

"ಪೇಷೆಂಟು ಇವಳೇ ಸ್ವಾಮಿ."

"ಹಾಗಾದ್ರೆ... ಸಾಯ್ತಿರೋದು ಯಾರು?"

"ಯಾರೂ ಸಾಯ್ತಿಲ್ಲ ಸ್ವಾಮಿ!" ಭಾವನಿಗೆ ಅಳುವೇ ಬಂದಂತಾಯಿತು. "ಇವಳಿಗೆ ಸೊಂಟ ನೋವು. ನನಗೆ ನಿದ್ದೆ. ಇವನಿಗೆ ಮಾತಾಡೋ ಅಭ್ಯಾಸ ಇಲ್ಲ. ಅಷ್ಟೇ."

ಪೊಲೀಸಿನವನು ಮೆಲ್ಲಗೆ ಟೋಪಿ ಹಾಕಿಕೊಂಡ. ಮ್ಯಾನೇಜರು ಕೋಟಿನ ಗುಂಡಿಯನ್ನು ಹಾಕಿ ತೆಗೆದು ಮಾಡುತ್ತ, ಸಾಯುವವರಿಗಾದರೆ ಹೇಗೋ ಅವಕಾಶವಿತ್ತು, ಸೊಂಟ ನೋವಿಗೆಲ್ಲ ವೇದಿಕೆಯ ಪಕ್ಕ ಮಂಚ ಹಾಕಿದರೆ ನಾಳೆ ಊರವರೆಲ್ಲ ಹಾಸಿಗೆ ಹೊತ್ತುಕೊಂಡು ಬರುತ್ತಾರೆ ಎಂದು ಶುರು ಮಾಡಿದರು. ಅಕ್ಕ ಕೈ ಬಿಡಿಸಿಕೊಂಡು ಬಾಗಿಲಿನ ಕಡೆ ಹೊರಟಳು.

ಹಿಂದೆ ಪಿಟೀಲಿಗೆ ಶ್ರುತಿ ಹಿಡಿಯುತ್ತಿದ್ದ ಸದ್ದು ನಿಂತಿತು. ಒಬ್ಬ ಸಣ್ಣ ಮುದುಕಿ, ದಪ್ಪ ಕನ್ನಡಕ, ನಮ್ಮ ಕಡೆ ನೋಡುತ್ತಿದ್ದಳು. ರೇಡಿಯೊದಲ್ಲಿ ಕೇಳಿ ಆಕೆ ಬಹಳ ಎತ್ತರದ ಹೆಂಗಸಿರಬೇಕು ಎಂದು ನಾವೆಲ್ಲ ಅಂದುಕೊಂಡಿದ್ದೆವು.

"ಸೊಂಟ ನೋವಾ? ಕೂತು ಮಾಡೋ ಕೆಲಸವಾ?" ಎಂದು ಕೇಳಿದರು ಪಿಟೀಲಮ್ಮ.

"ಹೂಂ ತಾಯಿ. ಹಾಸಿಗೆ ಅಂಚು ಹೊಲೀತೀನಿ."

"ನನಗೂ ಅದೇ. ಕೂತೂ ಕೂತೂ ಹಾಳಾಗಿದೆ. ಆ ಮಂಚ ನಂದೇ. ಬಾರಿಸೋ ಮುಂಚೆ ಸ್ವಲ್ಪ ಒರಗಲಿ ಅಂತ ಹಾಕಿದ್ದು. ನನ್ನದು ಆಯ್ತು, ನೀನು ಮಲಗಮ್ಮ." ಮ್ಯಾನೇಜರ ಕಡೆ ತಿರುಗಿ, "ನೀವು ಹೋಗಿ ದೀಪ ನೋಡಿಕೊಳ್ಳಿ," ಎಂದರು.

ಕಛೇರಿ ಶುರುವಾಯಿತು. ಅಕ್ಕ ಪಕ್ಕಕ್ಕೆ ತಿರುಗಿ, ಕೆನ್ನೆಯ ಕೆಳಗೆ ಕೈಯಿಟ್ಟುಕೊಂಡು ಮಲಗಿದ್ದಳು. ಭಾವ ಒಂದು ಮುರುಕಲು ಸ್ಟೂಲಿನ ಮೇಲೆ ಕೂತಿದ್ದರು. ನಾನು ನಿಂತಿದ್ದೆ, ಈ ಸಲ ಅಕ್ಕನ ಕಾಲ ಬಳಿ. ಊರಿನ ಯಾವ ಹಾಸಿಗೆ ಕಂಡರೂ ನಿದ್ದೆಹೋದ ಮನುಷ್ಯ ಆ ಸ್ಟೂಲಿನ ಮೇಲೆ ಒಂದು ಸಲವೂ ತೂಕಡಿಸಲಿಲ್ಲ. ವೇದಿಕೆಯ ಕಡೆ ನೋಡಿದ್ದೂ ಕಡಿಮೆಯೇ. ಅಕ್ಕನ ಹುಬ್ಬು ಎಲ್ಲಿ ಗಂಟಿಕ್ಕುತ್ತದೆ, ಎಲ್ಲಿ ಸಡಿಲವಾಗುತ್ತದೆ ಎಂದು ನೋಡುತ್ತಿದ್ದರು.

ಕೊನೆಯಲ್ಲಿ ಆ ದೊಡ್ಡ ರಾಗ ಬಂತು. ಮೆಲ್ಲಗೆ ಎದ್ದಿತು. ಸುತ್ತಾಡಿತು. ಮೇಲೆ ಹತ್ತಿತು. ಆ ಜಾಗ ಹತ್ತಿರ ಬರುತ್ತಿದ್ದಂತೆ ಅಕ್ಕ ಭಾವನ ಕೈಬೆರಳನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಇನ್ನೇನು ಯಾರೋ ಗಂಟಲು ಸರಿ ಮಾಡಿಕೊಳ್ಳುತ್ತಾರೆ ಎಂದು ನಾನೂ ಕಾದೆ.

ಯಾರೂ ಮಾಡಿಕೊಳ್ಳಲಿಲ್ಲ. ರಾಗ ಆ ಜಾಗವನ್ನು ದಾಟಿತು. ದಾಟಿದ ಮೇಲೆ ಇನ್ನೂ ಎಷ್ಟೋ ಇತ್ತು. ನಾವು ಇಷ್ಟು ವರ್ಷ ಕೊನೆಯ ಬಾಗಿಲು ಎಂದುಕೊಂಡದ್ದು ನಡುಮನೆಯ ಬಾಗಿಲಾಗಿತ್ತು. ಒಳಗೆ ಒಂದು ಹಿತ್ತಿಲು, ಹಿತ್ತಿಲ ತುಂಬ ಬೆಳಕು. ಆಮೇಲೆ ಅದು ಅವಸರವಿಲ್ಲದೆ, ಕೆಲಸ ಮುಗಿಸಿ ಕೈ ತೊಳೆದುಕೊಂಡು ಬಂದವರ ಹಾಗೆ, ಇಳಿದು ಬಂದು ಕೂತಿತು.

ಜನ ಚಪ್ಪಾಳೆ ಹೊಡೆದರು. ಅಕ್ಕ ಹೊಡೆಯಲಿಲ್ಲ. ಕಣ್ಣು ಮುಚ್ಚಿ ಇನ್ನೂ ಏನನ್ನೋ ಕಾಯುತ್ತಿದ್ದಳು. ಭಾವ ಬಾಗಿ ಅವಳ ಕಿವಿಯಲ್ಲಿ ಹೇಳಿದರು:

"ಇವತ್ತು ವಾರ್ತೆ ಇಲ್ಲ ಕಣೇ."

ಊರಿಗೆ ಮರಳಿದ ಮೇಲೆ ಬೀದಿಯವರೆಲ್ಲ ಸೇರಿದರು. ಯಾವ ಲಾಡ್ಜು ಹಿಡಿದಿರಿ, ಹಾಸಿಗೆ ಹೇಗಿತ್ತು ಎಂದು ಕಂಡಕ್ಟರು ಕೇಳಿದರು. ಭಾವ ಕಾಲ ಮೇಲೆ ಕಾಲು ಹಾಕಿಕೊಂಡರು. "ಆ ಊರಲ್ಲಿ ಮಲಗೋಕೆ ಯೋಗ್ಯವಾದ ಜಾಗ ಒಂದೇ. ಒಂದೇ ಮಂಚ. ಆದ್ರೆ ಅದು ಎಲ್ಲರಿಗೂ ಸಿಗಲ್ಲ. ಪೊಲೀಸಿನವರೇ ಬಂದು ಕರಕೊಂಡು ಹೋಗಬೇಕು," ಎಂದರು. ಪಿಟೀಲಮ್ಮನಿಗೆ ಒಂದು ಹೊಸ ಹಾಸಿಗೆ ತುಂಬಿ ಕಳಿಸಿದೆವು. ಹತ್ತಿ ನಾನೇ ಹಿಂಜಿದೆ. ಭಾವ ಮಲಗಿ ನೋಡಿದರು, ಎಬ್ಬಿಸಲು ಸಾಕುಬೇಕಾಯಿತು.

ರೇಡಿಯೊದಲ್ಲಿ ಈಗಲೂ ಆ ರೆಕಾರ್ಡು ಬರುತ್ತದೆ. ಅದೇ ಜಾಗದಲ್ಲಿ ಟಕ್ ಎನ್ನುತ್ತದೆ, ಆ ಗಂಡಸು ಗಂಟಲು ಸರಿ ಮಾಡಿಕೊಳ್ಳುತ್ತಾನೆ. ಆದರೆ ಅಕ್ಕ ನಿಲ್ಲುವುದಿಲ್ಲ. ಅಂಚು ಹೊಲಿಯುತ್ತ, ಅವನ ಮಾತಿನ ಮೇಲೆಯೇ ಉಳಿದ ರಾಗವನ್ನು ಕೊನೆಯವರೆಗೂ ಗುನುಗುತ್ತಾಳೆ. ಅವಳದು ಮುಗಿಯುವ ಹೊತ್ತಿಗೆ ಅವನದೂ ಮುಗಿದಿರುತ್ತದೆ. ಲೋಕದಲ್ಲಿ ಏನೇನೋ ಆಗಿರಬೇಕು. ನಮ್ಮ ಮನೆಯಲ್ಲಿ ಮಾತ್ರ ಆವತ್ತಿನಿಂದ ಯಾರಿಗೂ ಏನೂ ಗೊತ್ತಿಲ್ಲ.